ಭಾಷಾಂತರಕ್ಕೆ ಬಂದ ಕಾಗದ

ಕಾಗದ ನನ್ನ ಮೇಜಿಗೆ ಬರುವಾಗ
ಅದರ ಮೈಮೇಲೆ ನಾಲ್ಕು ಮುದ್ರೆ:
ಹೆಸರು ಹೇಳಲು ನಾಲಿಗೆ ತಿರುಗದ ಒಂದು ರಾಜಧಾನಿಯದು,
ದೆಹಲಿಯದು, ತಿರುವನಂತಪುರದ್ದು,
ಕೊನೆಗೆ ನಮ್ಮ ಕಾಸರಗೋಡು ಕಚೇರಿಯದು, ಅರ್ಧ ಮಾತ್ರ ಮೂಡಿದ್ದು.
ಮಗ್ಗುಲಲ್ಲಿ ಕೆಂಪು ಶಾಯಿ: ಕನ್ನಡಕ್ಕೆ. ತುರ್ತು.

ಹದಿನಾಲ್ಕು ವರ್ಷದಿಂದ ನಾನಿಲ್ಲಿ
ರೇಷನ್ ಕಾರ್ಡು, ಜಪ್ತಿ ನೋಟೀಸು, ಹುಚ್ಚುನಾಯಿಯ ಎಚ್ಚರಿಕೆ
ಮಲಯಾಳದಿಂದ ಈಚೆ ದಡಕ್ಕೆ ದಾಟಿಸುವವನು.
ಒಂದು ಸರ್ಕಾರ ಉಪಕಾರ ನೆನೆಯುವುದನ್ನು
ಕೈಯಲ್ಲಿ ಹಿಡಿದದ್ದು ಅದೇ ಮೊದಲು.

“ಹಿಮಗಡ್ಡೆಗಳ ನಡುವೆ ಹಡಗೊಡೆದು ಸಿಲುಕಿದ್ದ
ನಮ್ಮ ಏಳು ಮಂದಿ ಧ್ರುವಶೋಧಕರನ್ನು ರಕ್ಷಿಸಿದ
ಕಪ್ತಾನರಿಗೂ ಸಕಲ ಸಿಬ್ಬಂದಿಗೂ
ನಮ್ಮ ಸರ್ಕಾರದ ಮತ್ತು ಪ್ರಜೆಗಳ…”
ಅಲ್ಲಿಗೆ ಪೆನ್ನು ನಿಂತಿತು.
ಕೃತಜ್ಞತೆ ಅಂದರೆ ಶಾಲೆಯ ವಾರ್ಷಿಕೋತ್ಸವದ ಕೊನೆಯ ಭಾಷಣ.
ಧನ್ಯವಾದ ಅಂದರೆ ಮೈಕು ಬಿಚ್ಚುವ ಹೊತ್ತು.

ಸಕಲ ಸಿಬ್ಬಂದಿಯಲ್ಲಿ ಒಬ್ಬರು
ಕೊಯಿಪ್ಪಾಡಿ ಕಡಪ್ಪುರದ ದೂಮಪ್ಪ ಮೆಂಡನ್.
ಮರುದಿನ ಬಂದರು. ಇಸ್ತ್ರಿ ಅಂಗಿ,
ಎಡಗೈಯಲ್ಲಿ ಎರಡು ಬೆರಳು ಇಲ್ಲ.
ಕೂರಿ ಅಂದರೆ ಕೂರಲಿಲ್ಲ.
ಕಡಲ ಕೊರೆತಕ್ಕೆ ಕಲ್ಲು ಹಾಕಿಸಿ ಎಂದು
ಹಿಂದೊಮ್ಮೆ ಬರೆದ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬಂದು,
ಓದಿಸಿಕೊಳ್ಳಲು ಪೇಟೆಗೆ ಹೋಗಿಬರುವಷ್ಟರಲ್ಲಿ
ಬಾವಿ ಕಡಲ ಪಾಲಾಗಿತ್ತಂತೆ.
ಸರ್ಕಾರದ ಕಾಗದವನ್ನು
ನಿಂತೇ ಕೇಳಿ ರೂಢಿ.

ಓದಿದೆ. ಹಿಮಗಡ್ಡೆ ಅಂದಾಗ ತಡೆದರು.
“ಐಸು ಅಂತಲೇ ಬರೆಯಿರಿ ಮಾಸ್ಟ್ರೆ.
ಹಿಮ ಇರುವುದು ಪದ್ಯದಲ್ಲಿ.
ಇದು ನಮ್ಮ ಬಂಗುಡೆಯ ಮೇಲೆ ಸುರಿಯುವ ಐಸೇ,
ಹೊಟ್ಟು ಇಲ್ಲ, ಗೋಣಿ ಇಲ್ಲ, ಕಣ್ಣು ಹೋದಷ್ಟು ದೂರ.
ಒಡೆಯುವ ಶಬ್ದವೂ ಅದೇ,
ಬೆಳಗಿನ ಜಾವ ಬಂದರಿನಲ್ಲಿ ಕೊಡತಿಯಿಂದ ಗುದ್ದುತ್ತಾರಲ್ಲ, ಅದು.

ಗೋಧಿ ಹೇರಿಕೊಂಡು ಹೋಗುತ್ತಿದ್ದೆವು.
ರೇಡಿಯೋದಲ್ಲಿ ಕರೆ ಬಂತು, ಕಪ್ತಾನ ತಿರುಗಿಸಿದ.
ದೋಣಿ ಇಳಿಸಿದ್ದು ನಾನು, ಮತ್ತೊಬ್ಬ ಫಿಲಿಪ್ಪೀನಿನ ಹುಡುಗ.
ಬಲೆ ಒಣಗಿಸುವ ಜಾಗದಷ್ಟು ಐಸಿನ ಮೇಲೆ ಏಳು ಜನ,
ಪುಸ್ತಕ ಸುಟ್ಟು ಕೈ ಕಾಯಿಸುತ್ತಿದ್ದರು.
ಹಗ್ಗ ಕಟ್ಟುವಾಗ ನಾನು ಕೈಗವಸು ತೆಗೆದೆ.
ಗವಸು ಹಾಕಿದ ಕೈಗೆ ಗಂಟು ತಿಳಿಯುವುದಿಲ್ಲ.”

ಬೆರಳಿನ ವಿಷಯ ಅಷ್ಟೇ.
ಆಮೇಲೆ ಗಂಜಿಯ ಮಾತು, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿಯದು.
ಏಳರಲ್ಲಿ ಮುದುಕ ಒಬ್ಬ, ದೊಡ್ಡ ವಿದ್ವಾಂಸ,
ಮಿಡಿ ಚೀಪುತ್ತಾ ಅತ್ತನಂತೆ. ಹುಳಿಗೋ ಏನೋ.

“ಇದರಲ್ಲಿ ನನ್ನ ಹೆಸರು ಉಂಟಾ?”
ಇಲ್ಲ, ಅಂದೆ. ಸಿಬ್ಬಂದಿ ಅಂತ ಉಂಟು.
“ಅವರದ್ದು?”
ಅವರದ್ದೂ ಇಲ್ಲ. ಏಳು ಮಂದಿ ಅಂತ ಉಂಟು.
ತಲೆಯಾಡಿಸಿದರು, ಲೆಕ್ಕ ಸರಿಯಿದೆ ಎಂಬಂತೆ.

ಆ ರಾತ್ರಿ ಕೃತಜ್ಞತೆಯನ್ನು ಹೊಡೆದುಹಾಕಿ
ನೆರೆಯವರು ಏಣಿ ವಾಪಸು ತಂದು ಗೋಡೆಗೊರಗಿಸುವಾಗ
ನಮ್ಮ ಕಡೆ ಹೇಳುವ ಮಾತು ಬರೆದೆ:
ದೊಡ್ಡ ಉಪಕಾರ ಆಯ್ತು.
ಸಾಹೇಬರು ಕೆಂಪಿನಲ್ಲಿ ತಿದ್ದಿದರು; ಕಡತದಲ್ಲಿರುವುದು ಅವರದ್ದು.
ಮೆಂಡನ್ನರ ಕೈಗೆ ಸೇರಿದ್ದು ನನ್ನ ಕಾರ್ಬನ್ ಪ್ರತಿ.

ನಾಲ್ಕಾಗಿ ಮಡಚಿ ಜೇಬಿಗಿಟ್ಟು
ಮೆಟ್ಟಿಲವರೆಗೆ ಹೋದವರು ತಿರುಗಿದರು.
“ಇದಕ್ಕೆ ಉತ್ತರ ಬರೆಯಲಿಕ್ಕೆ ಆಗ್ತದಾ?
ಅವರಲ್ಲಿ ಸಣ್ಣವನೊಬ್ಬ
ನನ್ನ ಸ್ವೆಟ್ಟರು ಹಾಕಿಕೊಂಡೇ ಇಳಿದು ಹೋದ.
ಹಸಿರಿನದ್ದು, ಮಂಗಳೂರಲ್ಲಿ ತೆಗೆದದ್ದು, ಬಲ ತೋಳಲ್ಲಿ ಒಂದು ತೂತು.
ವಾಪಸು ಬೇಡ.
ಊರು ಮುಟ್ಟುವವರೆಗೆ ಬೆಚ್ಚಗಿತ್ತಾ ಅಂತ
ಅದೊಂದು ಕೇಳಿ.”

ಉಪಕಾರ ಸ್ಮರಣೆಗೆ ಉತ್ತರ ಬರೆಯುವ ನಮೂನೆ
ನಮ್ಮ ಕಚೇರಿಯಲ್ಲಿ ಇಲ್ಲ.
ಕನ್ನಡದಿಂದ ಆಚೆ ದಡಕ್ಕೆ ದಾಟಿಸಲು
ಹುದ್ದೆಯೂ ಇಲ್ಲ.
ಐದು ಗಂಟೆಯ ಮೇಲೆ, ಜವಾನ ಕಿಟಕಿ ಹಾಕುವಾಗ,
ಟೈಪ್‌ರೈಟರಿಗೆ ಒಂದು ಖಾಲಿ ಹಾಳೆ ಏರಿಸಿದೆ.
ತೂತನ್ನೂ ಬಿಡದೆ ಬರೆದೆ.