ಬಕ್ರಮ್

ಧಾರವಾಡದ ಗುಡ್ಡದ ಮೇಲೆ, ಎರಡನೇ ಮಹಡಿಯ ಕೋಣೆಯಲ್ಲಿ
ತಟ್ಟೆಯೊಂದು ತಿರುಗುತ್ತದೆ, ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು.
ಅದರ ಮೇಲೆ ಅಂಗಿಯ ಗುಂಡಿಗಿಂತ ತುಸು ದೊಡ್ಡ ಗಾಜು,
ಗಾಜಿನ ಮೇಲೆ ನಾನು ಬಿಡುವ ಒಂದು ಹನಿ.
ಹರಡಿದ್ದು ಕಾಣುವುದಿಲ್ಲ. ಸಿಡಿದು ಹೋದದ್ದು ಮಾತ್ರ
ಬಟ್ಟಲಿನ ಗೋಡೆಗೆ ಅಂಟಿ ಬೆಳ್ಳಗೆ ಒಣಗಿರುತ್ತದೆ.
ಉಳಿದದ್ದು ಸತುವಿನ ಪದರ:
ಕೂದಲನ್ನು ಎರಡು ಸಾವಿರ ಸಲ ಸೀಳಿದರೆ
ಅದರಲ್ಲೊಂದು ಸೀಳು.

ಅದರ ಮೇಲೆ ಬಿಸಿಲು ತಿನ್ನುವ ಬಣ್ಣ, ಮುಳಗಾಯಿ ಸಿಪ್ಪೆಯದು.
ಕೊನೆಗೆ ಬೆಳ್ಳಿ.
ಬಣ್ಣಕ್ಕೂ ಬಾಗಿಲಿಗೂ ನೇರ ಮಾತಿಲ್ಲ.
ಬಿಸಿಲು ಬಿದ್ದು ಒಳಗೊಂದು ಜೋಡಿ ಬಿಚ್ಚಿದರೆ
ಎಲೆಕ್ಟ್ರಾನು ಈ ಕಡೆ, ಅದು ಬಿಟ್ಟ ಖಾಲಿ ಜಾಗ ಆ ಕಡೆ
ಹೊರಬೀಳಬೇಕು.
ಹೊಸ್ತಿಲು ಎತ್ತರವಾದರೆ ಎರಡೂ ಒಳಗೇ ಸುತ್ತಿ ಸುತ್ತಿ
ಮತ್ತೆ ಒಂದನ್ನೊಂದು ಹಿಡಿದು
ಬರೀ ಬಿಸಿಯಾಗಿ ಮುಗಿದುಹೋಗುತ್ತವೆ.
ನನ್ನ ಕೆಲಸ ಹೊಸ್ತಿಲು ತಗ್ಗಿಸುವುದು.
ನಾಲ್ಕು ವರ್ಷದಿಂದ ಅಷ್ಟೇ.

ಸಂಜೆ ಚಿಗರಿ ಬಸ್ಸು. ನವನಗರ, ಉಣಕಲ್ಲು, ಹುಬ್ಬಳ್ಳಿ.
ಎರಡು ಊರನ್ನು ಕೂಡಿಸಿ ಬರೆಯುವಾಗ ನಡುವೆ ಎಳೆಯುತ್ತೇವಲ್ಲ,
ಆ ಸಣ್ಣ ಅಡ್ಡಗೆರೆಯ ಮೇಲೆ ದಿನಕ್ಕೆರಡು ಸಲ ಹಾಯುತ್ತೇನೆ
ಎಂದು ಒಮ್ಮೆ ಅನ್ನಿಸಿತ್ತು. ಬರೆದಿಟ್ಟುಕೊಳ್ಳಲಿಲ್ಲ,
ನಿಂತೇ ಬಂದಿದ್ದೆ, ಹಿಡಿದ ಕೈ ಸೋತಿತ್ತು.

ದಾಜಿಬಾನ ಪೇಟೆಯ ಸಂದಿಯಲ್ಲಿ ಅಪ್ಪನ ಅಂಗಡಿ.
ಪುಂಡಲೀಕ ಮಾಸ್ತರ ಅಂದರೆ ಸಾಲಿ ಮಾಸ್ತರ ಅಲ್ಲ,
ಕತ್ತರಿ ಮಾಸ್ತರ.
"ಏನ ಮಾಡತೀಯವಾ ಅಲ್ಲೆ ದಿನಾ?"
ಹೇಳಿದೆ. ಬಿಸಿಲು, ಬೆಳ್ಳಿ, ನಡುವಿನ ಪದರ.
ಅರ್ಧ ಹೊಲಿದ ಕಾಲರಿನ ಮೂಲೆ ತಿರುವಿ ತೋರಿಸಿದ:
"ಬಕ್ರಮ್ ಅನ್ನು ಹಂಗಾರ.
ಹಾಕಿದ್ದು ಯಾರಿಗೂ ಕಾಣಬಾರದು.
ಹಾಕಲಾರದ್ದು ಊರಿಗೇ ಕಾಣತೈತಿ."

ಜೂನಿನಲ್ಲಿ ಇಪ್ಪತ್ತಮೂರು ಗಾಜು ಕೆಟ್ಟವು.
ದಪ್ಪವಾದರೆ ತಡೆ. ತೆಳುವಾದರೆ ಸೂಜಿತೂತು, ಸೋರಿಕೆ.
ಅಟೆಂಡರ್ ಮೌಲಾಸಾಬ ಡಬ್ಬಿ ಎತ್ತಿ ನೋಡಿದ:
"ಮೇಡಮ್, ನಿಮ್ಮ ನೀಲಿ ಹರಳೆಲ್ಲಾ ಗುಲಾಬಿ ಆಗ್ಯಾವ."
ಹವೆಯ ತೇವ ನನಗಿಂತ ಮೊದಲು ಒಳಹೊಕ್ಕಿತ್ತು.

ಅಪ್ಪನಿಗೆ ಹೇಳಿದರೆ,
"ಕತ್ತರಿಸೂಕಿಂತ ಮೊದಲ ತೊಯ್ಸಿ ಇಸ್ತ್ರಿ ಹೊಡಿ.
ಕುಗ್ಗೂದು ಮೊದಲ ಕುಗ್ಗಲಿ.
ಆಮ್ಯಾಲೆ ಗುಳ್ಳಿ ಎದ್ದರ ಗಿರಾಕಿ ಬಿಡತಾನೇನು?"
ಇದರಿಂದ ನನಗೆ ಉತ್ತರ ಹೊಳೆಯಿತು ಎಂದು ಬರೆದರೆ
ಸುಳ್ಳಾದೀತು.
ಉತ್ತರ ಯಾರದೋ ಪ್ರಬಂಧದ ಆರನೇ ಪುಟದಲ್ಲಿತ್ತು:
ಸತುವಿನ ಮೈತುಂಬ ಸಣ್ಣ ಕುಳಿ, ಎಲೆಕ್ಟ್ರಾನು ಬಿದ್ದು ಏಳುವುದಿಲ್ಲ,
ಕುಳಿ ಮುಚ್ಚಲು ಇನ್ನೊಂದು ಪಾಲಿಮರ್, ಐದೇ ನ್ಯಾನೋಮೀಟರು.
ಬಕ್ರಮ್ಮಿಗೊಂದು ಬಕ್ರಮ್.
ಅಪ್ಪನಿಗೆ ಇದನ್ನು ಹೇಳಲಿಲ್ಲ. ನಗುತ್ತಿದ್ದ.

ನಲವತ್ತೊಂದನೇ ಗಾಜು.
ಕೋಣೆಯ ದೀಪವೇ ಅದರ ಸೂರ್ಯ.
ಪರದೆಯ ಗೆರೆ ಮೊದಲ ಸಲ ಭುಜ ಎತ್ತಿ ನಿಂತಿತು:
ಆರೂವರೆ ಇದ್ದದ್ದು ಏಳು ಪಾಯಿಂಟ್ ಒಂಬತ್ತು.
ಮತ್ತೊಮ್ಮೆ ಅಳೆಯುವಷ್ಟರಲ್ಲಿ ಕರೆಂಟು ಹೋಯಿತು.
ಕಿಟಕಿಯಾಚೆ ಬೇಕಾದಷ್ಟು ಬಿಸಿಲು,
ಕೇಳುವವರಿಲ್ಲದೆ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಿದ್ದಿತ್ತು.
ಮೌಲಾಸಾಬ ಚಹಾ ತಂದ. ಇಬ್ಬರೂ ಕುಡಿದೆವು.

ರಾತ್ರಿ ಅಪ್ಪನ ಕೈಗೊಂದು ಗಾಜು ಕೊಟ್ಟೆ.
ಟ್ಯೂಬ್‌ಲೈಟಿಗೆ ಹಿಡಿದ, ಕನ್ನಡಕ ಏರಿಸಿದ, ಇಳಿಸಿದ.
"ಎಲ್ಲೈತಿ?"
"ಅದರಾಗ ಐತಿ."
ಉಗುರಿನಿಂದ ಗೀರಿದ. ಬಣ್ಣ ಕಿತ್ತು ಬಂತು.
"ಕಾಣಸವಲ್ದು" ಅಂದ.
ಅವನ ಬಾಯಲ್ಲಿ ಅದು ಹೊಗಳಿಕೆ.
ಜೋಡಿ ತಪ್ಪಿದ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟು
ಮತ್ತೆ ಕಾಲರಿಗೆ ಕೂತ.

ಕೊಟ್ಟದ್ದು ಮೂವತ್ತೆಂಟನೆಯದು, ಕೆಟ್ಟದ್ದು.
ನಲವತ್ತೊಂದು ನನ್ನ ಚೀಲದಲ್ಲೇ ಇತ್ತು.