ಹೆಬ್ಬೆಟ್ಟು ಮುಳುಗುವಷ್ಟು

ಅಣ್ಣ ಗೆರ್ಲೋಫ್ ಮೊಣಕಾಲೂರಿದ್ದಾನೆ
ನನ್ನ ಹಿತ್ತಿಲ ಕೊಳದ ಅಂಚಿಗೆ,
ಎಡಗೈ ಕಲ್ಲಿನ ಮೇಲೆ,
ಬಲಗೈ ಮೊಣಕೈವರೆಗೆ ನೀರಲ್ಲಿ.
"ಎಷ್ಟು ಆಳಕ್ಕೆ?"
"ಹೆಬ್ಬೆಟ್ಟು ಮುಳುಗುವಷ್ಟು."
"ಅಷ್ಟೇನಾ?"
ಅಷ್ಟೇ.

ತೊಂಬತ್ತೆರಡು ಹಸುಗಳ ಸಗಣಿಯನ್ನು
ಟ್ಯಾಂಕರುಗಟ್ಟಲೆ ನೆಲಕ್ಕೆ ಉಣಿಸಿದವನು.
ಚಳಿ ಮುಗಿದು ಅವನ ಗಾಡಿ ಕಾಲುವೆ ದಾಟಿದರೆ
ಸೇತುವೆ ಎತ್ತಿಳಿಸುವ ನನ್ನ ಗಾಜಿನ ಗೂಡಿನಲ್ಲಿ
ಸಂಜೆಯ ಕಾಫಿಗೂ ಅದೇ ವಾಸನೆ.
ದೋಣಿಯವರು ಮೂಗು ಮುಚ್ಚುತ್ತಿದ್ದರು,
ನಾನು ಕೈ ಬೀಸುತ್ತಿದ್ದೆ.

ಈಗ ಅವನ ಅಂಗೈಯಲ್ಲಿ ಆರು ಗುಳಿಗೆ,
ಕರುವಿನ ಹಾಲುಹಲ್ಲಿನಂಥವು.
ಹಣೆಗೇರಿಸಿದ ಕನ್ನಡಕ ಇಳಿಸಿ
ಡಬ್ಬಿಯ ಸಣ್ಣಕ್ಷರ ಓದುತ್ತಾನೆ, ಗಟ್ಟಿಯಾಗಿ,
ಇಗರ್ಜಿಯಲ್ಲಿ ಓದುವಂತೆ:
ಕುಂಡಕ್ಕೆ ಎರಡು. ತಿಂಗಳಿಗೊಮ್ಮೆ.
ನೀರು ತಣ್ಣಗಾದ ಮೇಲೆ ಬೇಡ.

ವಿಚಿತ್ರ ಜನ ನಾವು, ಈ ತಗ್ಗುನಾಡಿನವರು.
ಏರಿ ಕಟ್ಟಿ ಕಡಲನ್ನು ಹೊರಗೆ ನಿಲ್ಲಿಸಿದೆವು,
ಅಜ್ಜ ಮುತ್ತಜ್ಜಂದಿರ ಕಾಲದಿಂದ
ಹಗಲಿರುಳು ನೀರೆತ್ತಿ ಆಚೆ ಸುರಿದೆವು,
ಆಮೇಲೆ ಹಿತ್ತಿಲಲ್ಲೊಂದು ಗುಂಡಿ ತೋಡಿ
ಕಪ್ಪು ರಬ್ಬರು ಹಾಸಿ
ಅದೇ ನೀರನ್ನು
ಬಾ ಕೂತ್ಕೋ ಎಂದು ಕರೆದೆವು.

ಮೊದಲ ಸಲ, ಮೇ ತಿಂಗಳಲ್ಲಿ, ಅವನು ಕೇಳಲಿಲ್ಲ.
ನಾನು ಸೇತುವೆಯ ಮೇಲಿದ್ದೆ.
ಡಬ್ಬಿಗೆ ಡಬ್ಬಿಯನ್ನೇ ಎರಚಿಬಿಟ್ಟ,
ಬೀಸುಗೈಯಲ್ಲಿ, ತುಂಬು ಮನಸ್ಸಿನಲ್ಲಿ.
ವಾರ ಕಳೆಯುವುದರೊಳಗೆ ಕೊಳ
ಅಮ್ಮ ಮಾಡುತ್ತಿದ್ದ ಬಟಾಣಿ ಗಂಜಿ.
ನಾಲ್ಕು ಮೀನು ಅದರೊಳಗೆ ಇದ್ದವೋ, ಇಲ್ಲವೋ.
ನೈದಿಲೆ ಹಸಿದೇ ಇತ್ತು,
ಪಾಚಿ ಉಂಡು ತೇಗಿತು.

ಬೇಲಿಯಾಚೆ ನಿಂತು ನೋಡಿದ, ಬಹಳ ಹೊತ್ತು.
"ಸರ್ಕಾರದವರು ಹೇಳಿದ್ದೂ ಇದನ್ನೇ
ಅಲ್ವೇನೇ, ಹಿಲ್ತ್ಯೆ?"

ಹುಟ್ಟಿದಾಗಿಂದ ಅವನ ಮಾತಿಗೆಲ್ಲ ಹೂಂಗುಟ್ಟಿದವಳು,
ಆ ಒಂದಕ್ಕೆ ನನ್ನಿಂದ ಹೂಂ ಅನ್ನಲಾಗಲಿಲ್ಲ.
ಬಕೆಟ್ಟು ತಂದೆ. ಅವನೂ ಒಂದು ತಂದ.
ಅರ್ಧ ಕೊಳ ಮೊಗೆದು ಗುಲಾಬಿಗೆ ಹೊಯ್ದೆವು.
(ಗುಲಾಬಿ ಈ ವರ್ಷ, ಕೇಳಬೇಡಿ.)

ಹಸುಗಳು ಹೋದದ್ದು ಒಂದು ಮಂಗಳವಾರ, ಮೂರು ಲಾರಿಗಳಲ್ಲಿ.
ಕಾಗದಕ್ಕೆ ರುಜು ಹಾಕಿದ್ದ, ಹಣವೂ ಬಂದಿತ್ತು,
ಅದರಲ್ಲಿ ಮೋಸವೇನಿಲ್ಲ, ಅವನೇ ಹೇಳುತ್ತಾನೆ.
ಆದರೆ ಬೆಳಗಿನ ನಾಲ್ಕೂವರೆಗೆ ಎದ್ದು
ಬೂಟು ಹಾಕಿಕೊಂಡು
ದೀಪ ಹಚ್ಚದೆ ಅಡುಗೆಮನೆಯಲ್ಲಿ ಕೂತಿರುತ್ತಿದ್ದನಂತೆ.
ಅತ್ತಿಗೆ ಟ್ಯಿಟ್ಸ್ಕೆ ಫೋನು ಮಾಡಿದಳು:
"ನಿನ್ನ ಕೊಳಕ್ಕೆ ಆಳು ಬೇಕೇನು?"

ಜುಲೈಗೆ ಎಲೆಗಳು ಬಂದವು,
ಒಂದರ ಪಕ್ಕ ಒಂದು, ತಟ್ಟೆ ಹಾಕಿದಂತೆ.
ನೆರಳು ಬಿದ್ದಲ್ಲೆಲ್ಲ ನೀರು ತಿಳಿಯಾಯಿತು.
ಮೀನು ಮೂರು. ನಾಲ್ಕನೆಯದನ್ನು
ಇಬ್ಬರೂ ಎಣಿಸುತ್ತಲೇ ಇದ್ದೇವೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ.
ಅವನ ಕೈಯಂತೂ ಕೆಸರು.
ಮೊಸರು ಈಗ ಅಂಗಡಿಯದು, ಕಾಗದದ ಪೆಟ್ಟಿಗೆಯದು;
ಮೇಲೆ ನಗುವ ಹಸುವಿನ ಚಿತ್ರ.
ಅವನು ಪೆಟ್ಟಿಗೆಯನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಾನೆ.

ಐದು ಗುಳಿಗೆ ಇಳಿದಿವೆ. ಇದು ಆರನೆಯದು.
ಗಡ್ಡೆಗೆ ತಾಗದಂತೆ, ಪಕ್ಕಕ್ಕೆ, ಒತ್ತುತ್ತಾನೆ,
ಜೇಡಿ ಬೆರಳಿನ ಸುತ್ತ ಮುಚ್ಚಿಕೊಳ್ಳುತ್ತದೆ.
ಸಾಕು, ಎನ್ನುತ್ತೇನೆ. ಕೈ ತೆಗೆಯುವುದಿಲ್ಲ.
ಸಾಕೋ, ನೀರು ತಣ್ಣಗಿದೆ.

"ತಾಳು," ಎನ್ನುತ್ತಾನೆ,
ಮುಖ ಆಚೆ ತಿರುಗಿಸಿಕೊಂಡು,
"ಚೀಪುತ್ತಿದೆ."

ಕಾಲುವೆಯ ಕಡೆಯಿಂದ ಯಾವುದೋ ದೋಣಿ ಕೂಗುತ್ತದೆ.
ನನ್ನ ಪಾಳಿಗೆ ಇನ್ನೂ ಹತ್ತು ನಿಮಿಷವಿದೆ.