ಬೆಂಗೇರಿ, ಗುರುವಾರ, ಎಂಟೂವರೆ

ಬಾವುಟಾ ಹೊಲಿಯೂದು ನನ್ನ ಕೆಲಸ, ಬೆಂಗೇರ್ಯಾಗ.
ಹನ್ನೊಂದು ವರ್ಷಾತು.
ಮೂರೂ ಪಟ್ಟಿ ಸಮ ಇರಬೇಕು,
ಚಕ್ರ ಎರಡೂ ಬದಿ ಬೆನ್ನಿಗೆ ಬೆನ್ನು ಕೂಡಬೇಕು,
ಒಂದೆಳಿ ಸರದ್ರ ಅದು ಬಾವುಟಾ ಅಲ್ಲ,
ಬರೇ ಅರಿವಿ.

ಹಿಂಗಾಗಿ ಟೀವ್ಯಾಗ ನನಗ ಮೊದಲ ಕಾಣೂದು
ಗೂಢಚಾರನ ಮಾರಿ ಅಲ್ಲ,
ಅವನ ಸಾಹೇಬನ ಟೇಬಲ್ ಮ್ಯಾಲಿನ ಬಾವುಟಾ.
"ಪಾಲಿಸ್ಟರ್ ಐತಿ ನೋಡ ಹಜರತ್‌ಬಿ, ಹೊಲಿಗಿ ಸೊಟ್ಟ.
ದೇಶಾ ಉಳಸಾಕ ಹೊಂಟಾರ!"

ಹಜರತ್‌ಬಿ ನಕ್ಕಳು. ಬಾಜೂ ಮನಿಯಾಕಿ.
ಉಡ್ಯಾಗ ಶೇಂಗಾ, ಬೆನ್ನಿಗೆ ನಮ್ಮ ಪಡಸಾಲಿ ಕಂಬ.
ಗಡಿ ದಾಟಿದ ಹೀರೋ ಸುಳ್ಳ ಹೆಸರು, ಸುಳ್ಳ ಗಡ್ಡ ಹಚಗೊಂಡು
ನಮಾಜಿಗೆ ನಿಂತ.
"ಅಯ್ಯ, ಕೈ ಕಟ್ಟೂದು ಹಂಗಲ್ಲವಾ,
ಮೊದಲನೇ ದಿನಾನ ಸಿಕ್ಕ ಬೀಳ್ತಾನ ಇಂವ!"
ಸಿಕ್ಕ ಬೀಳಲಿಲ್ಲ.
ಆ ಊರಾಗ ಯಾರಿಗೂ ನಮಾಜು ಬರತಿದ್ದಿಲ್ಲ ಕಾಣತೈತಿ.

ಹದಿನಾಲ್ಕನೇ ಕಂತಿಗೆ
'ಶತ್ರು ನಮ್ಮ ನಡುವೆಯೇ' ಅಂತ ದಪ್ಪ ಅಕ್ಷರ ಬಂದುವು.
ಒಂದು ಓಣಿ. ಓಣ್ಯಾಗ ಟೇಲರ್ ಅಂಗಡಿ.
ಮೊಳಿಗೆ ಜೋತುಬಿದ್ದ ಇಂಚುಪಟ್ಟಿ, ಮೂಲ್ಯಾಗ ಕಾಲಿನ ಮಿಷನ್,
ಮಿಷನ್ ಕೆಳಗ ಬಾಂಬು.
ಸಂಗೀತ ಹೆಂಗ ಬಂತಂದ್ರ
ಸೂಜಿ ಕಂಡ್ರೂ ಅಂಜಿಕಿ ಬರಬೇಕು.

"ಅವ್ವಾ, ಥೇಟ್ ಮಕ್ತುಂ ಕಾಕಾನ ಅಂಗಡಿ!"
ನನ್ನ ಮಗ ಅಂದ. ಒಂಬತ್ತು ವರ್ಷದಾಂವ.
ಗುರುತಿನ ಜಾಗಾ ಟೀವ್ಯಾಗ ಬಂತಂತ ಖುಷಿ ಅವಂಗ.

ರಿಮೋಟ್ ಹುಡಿಕಿದೆ. ಸಿಗಲಿಲ್ಲ.
ಸಿಕ್ಕಿದ್ರ ಏನ ಮಾಡತಿದ್ದೆ, ಗೊತ್ತಿಲ್ಲ.
ಹಜರತ್‌ಬಿ ಶೇಂಗಾ ಸುಲಿಯೂದು ನಿಂತಿತ್ತು.
ಆಮ್ಯಾಲ ಮತ್ತ ಸುರುವಾತು,
ಒಂದೊಂದ, ಒಂದೊಂದ,
ಸಪ್ಪಳ ಆಗದಂಗ.

ಮುಂದಿನ ಗುರುವಾರ, "ತಲಿ ನೋಯಾಕತ್ತೈತಿ."
ಅದರ ಮುಂದಿನ ವಾರ ನಾ ಕೇಳಲಿಲ್ಲ.

ಕಾರ್ಖಾನ್ಯಾಗ ಮೊನ್ನೆ ನನ್ನ ಬಾವುಟಾ ಒಂದು ತಿರುಗಿ ಬಂತು.
ಹೊಲಿಗಿ ಬಿಚ್ಚಿ, ಒಂದು ಪಟ್ಟಿ ಕೈಯಾಗ ಹಿಡಕೊಂಡು
ಎಷ್ಟೊತ್ತು ಕುಂತಿದ್ನೋ.
ಯಾವ ಪಟ್ಟಿ ಅಂತ ಕೇಳಬ್ಯಾಡ್ರಿ.
ಪಾರಮ್ಮಕ್ಕ ಕೆಮ್ಮಿದಳು, ಮಿಷನ್ ತುಳದೆ.

ಇವತ್ತು ಎಂಟೂವರೆ. ಮಗ ಮಕ್ಕೊಂಡಾನ, ನಾ ಟೀವಿ ಹಚ್ಚಿಲ್ಲ.
ಆದ್ರೂ ಅದ ಸಂಗೀತ, ಸಣ್ಣಗ,
ಗ್ವಾಡಿ ಆಚಿಂದ.
ದನಿ ಇಳಿಸಿ ಆಕೀನೂ ನೋಡಾಕತ್ತಾಳ.

ದೀಪಾ ಆರಿಸಿದೆ.
ಉಸರು ಬಿಗಿ ಹಿಡಿದು, ಬರಿಗಾಲಲೆ ಹೋಗಿ
ಗ್ವಾಡಿಗಿ ಕಿವಿ ಹಚ್ಚಿ ನಿಂತೀನಿ,
ಆಕಿ ನಗತಾಳೇನು ಅಂತ.